ಖಾಲಿ ಲಾಗು, ಮಿರ್ಲೆಯ ಭತ್ತ

ಸೋಮವಾರ ಬೆಳಿಗ್ಗೆ ಆಫೀಸಿನ ಬೀಗ ತೆಗೆಯುವ ಹೊತ್ತಿಗೇ ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಎತ್ತಿದರೆ ಮಿರ್ಲೆಯಿಂದ ಒಬ್ಬ ಹೆಂಗಸು.

"ಭತ್ತ ಕುಯ್ಯೋ ಮಿಷನ್ ಬುಕ್ ಮಾಡಿದ್ದೆ ಕನಪ್ಪ, ಶನಿವಾರ. ನಂಬರ್ ಬತ್ತದೆ ಅಂತ ಪೋನಲ್ಲಿ ತೋರುಸ್ತು. ಇನ್ನೂ ಬಂದಿಲ್ವಲ್ಲ."

"ನೋಡಿ ಹೇಳ್ತೀನಿ ಅಮ್ಮ, ಒಂದು ಗಳಿಗೆ ಲೈನಲ್ಲಿರಿ" ಎಂದೆ.

ಕೃಷ್ಣರಾಜನಗರದ ಬಸ್ ಸ್ಟ್ಯಾಂಡಿನ ಹಿಂದೆ ಗೊಬ್ಬರದಂಗಡಿಯೊಂದರ ಮಹಡಿಯ ಮೇಲೆ ನಮ್ಮದು ಎರಡು ಕುರ್ಚಿಯ ಆಫೀಸು. ಒಂದು ನನ್ನದು, ಇನ್ನೊಂದು ಪಿರಿಯಾಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ನನ್ನ ಸಹೋದ್ಯೋಗಿಯದು. ರೈತರೇ ಸೇರಿ ಕಟ್ಟಿಕೊಂಡ ಒಂದು ಸಣ್ಣ ಕಂಪನಿಗೆ ನಾವಿಬ್ಬರೂ ವೆಬ್‌ಸೈಟು ನಡೆಸುತ್ತಿದ್ದೆವು. ಕೊಯ್ಲಿನ ಕಾಲದಲ್ಲಿ ಆ ಕಂಪನಿ ತಮಿಳುನಾಡಿನಿಂದ ಕಟಾವು ಯಂತ್ರಗಳನ್ನು ತರಿಸುತ್ತದೆ. ರೈತ ತನ್ನ ಮೊಬೈಲಿನಲ್ಲಿ ಹೆಸರು, ಊರು, ಎಷ್ಟು ಎಕರೆ ಎಂದು ತುಂಬಿ ಗುಂಡಿ ಒತ್ತಿದರೆ 'ನಿಮ್ಮ ಕೋರಿಕೆ ತಲುಪಿದೆ, ಸರದಿ ಸಂಖ್ಯೆ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ' ಎಂಬ ಪುಟ ಬರುತ್ತದೆ. ಆ ಸರದಿಯ ಪಟ್ಟಿ ನೋಡಿಕೊಂಡು ಕಂಪನಿಯ ವ್ಯವಸ್ಥಾಪಕರು ಯಾವ ಊರಿಗೆ ಯಾವ ಯಂತ್ರ ಎಂದು ಅಟ್ಟುತ್ತಾರೆ. ಹಿಂದಿನ ವರ್ಷ ಇದು ಕೆ.ಆರ್. ನಗರದ ಸುತ್ತಮುತ್ತಲಿಗೆ ಮಾತ್ರ ಇತ್ತು. ಈ ಸಲ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯವರನ್ನೂ ಸೇರಿಸಿಕೊಂಡಿದ್ದರು.

ಡೇಟಾಬೇಸಿನಲ್ಲಿ ಆ ಹೆಂಗಸಿನ ಫೋನ್ ನಂಬರು ಹುಡುಕಿದೆ. ಇರಲಿಲ್ಲ. ಎರರ್ ಲಾಗ್ ತೆರೆದೆ. ಸರ್ವರಿನಲ್ಲಿ ಏನೇ ಎಡವಟ್ಟಾದರೂ ಒಂದು ಸಾಲು ಬಂದು ಬೀಳಬೇಕಾದ ಕಡತ ಅದು. ಅದು ಖಾಲಿ. ಒಂದಕ್ಷರವೂ ಇಲ್ಲ. ನನಗೆ ಹಾಯೆನಿಸಿತು, ಸುಳ್ಳೇಕೆ ಹೇಳಲಿ. ತಪ್ಪೇ ನಡೆದಿಲ್ಲ, ಆಯಮ್ಮ ಗುಂಡಿ ಒತ್ತಿರಲಾರಳು ಎಂದುಕೊಂಡೆ.

"ನಿಮ್ಮ ಹೆಸರು ಬಂದಿಲ್ಲ ಅಮ್ಮ. ಕೊನೇಲಿರೋ ಹಸಿರು ಗುಂಡಿ ಒತ್ತಿದ್ರಾ?"

"ಒತ್ತದೆ ಬುಡ್ತೀನಾ. ಎಲ್ಡೂವರೆ ಎಕ್ರೆ ಭತ್ತ ತಲೆ ಬಗ್ಸ್ಕಂಡು ನಿಂತದೆ. ಇವ್ರು ಮದ್ವೆ ಅಡ್ಗೆಗೆ ಅಂತ ಊರೂರು ತಿರುಗ್ತಾವ್ರೆ. ಆಳು ಒಬ್ರೂ ಸಿಕ್ಕಾಕಿಲ್ಲ. ಮಿಷನ್ ಬರ್ಲಿಲ್ಲ ಅಂದ್ರೆ ವರ್ಸದ ಅನ್ನ ನೆಲದ ಪಾಲು ಕನಪ್ಪ, ದನಕ್ಕೆ ಹುಲ್ಲೂ ಇಲ್ಲ."

ಅವರ ಗಂಡ ಮದುವೆ ಅಡುಗೆಯವರಂತೆ. ಮನೆಯ ಬೇಸಾಯವೆಲ್ಲ ಈಯಮ್ಮನದೇ. ಆ ಫೋನಿಟ್ಟೆನೋ ಇಲ್ಲವೋ ಹುಣಸೂರಿನಿಂದ ಒಬ್ಬರು, ಆಮೇಲೆ ಕೋಟೆ ಕಡೆಯಿಂದ ಇಬ್ಬರು. ಎಲ್ಲರದೂ ಒಂದೇ ಮಾತು. ಒತ್ತಿದೆವು, ತಲುಪಿದೆ ಅಂತು, ನಂಬರ್ ಬರಲಿಲ್ಲ. ಇಷ್ಟು ಜನ ಒಟ್ಟಿಗೆ ಗುಂಡಿ ಮರೆಯಲಾರರು.

ಎಸ್ಸೆಮ್ಮೆಸ್ ಕಳಿಸುವ ಕಂಪನಿಯ ಮೇಲೆ ಅನುಮಾನ ಹೋಯಿತು. ಅವರನ್ನು ಹಿಡಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವರು ತಮ್ಮ ಕಡೆಯ ದಾಖಲೆ ತೆಗೆದು ನೋಡಿ, ಆ ನಂಬರುಗಳಿಗೆ ಕಳಿಸಿ ಎಂದು ನೀವು ಕೇಳಿಯೇ ಇಲ್ಲ ಎಂದರು. ನಾನೂ ನನ್ನ ಸಹೋದ್ಯೋಗಿಯೂ ನಮ್ಮ ನಮ್ಮ ಫೋನಿನಿಂದ ಸುಳ್ಳು ಹೆಸರಿನಲ್ಲಿ ಬುಕ್ ಮಾಡಿದೆವು. ಒಂದೊಂದು ಸಲವೂ ಚೆನ್ನಾಗಿ ಆಯಿತು, ಒಂದೊಂದು ಸಲವೂ ನಂಬರು ಬಂತು. ಚಹಾ ಕುಡಿದು ಬಂದು ಮತ್ತೆ ಮಾಡಿದೆವು. ಮತ್ತೂ ಬಂತು.

"ನಾವು ಮಾಡಿದ್ರೆ ಆಗುತ್ತೆ, ಅವ್ರು ಮಾಡಿದ್ರೆ ಆಗಲ್ಲ. ಸರ್ವರ್‌ಗೆ ನಮ್ಮ ಮುಖ ಗುರುತು ಸಿಗುತ್ತೇನಣ್ಣ?" ಎಂದಳು ಸಹೋದ್ಯೋಗಿ.

ಮಂಗಳವಾರ ಬೆಳಿಗ್ಗೆ ಮಜ್ಜಿಗೆ ಕುಡಿಯುತ್ತಿದ್ದಾಗ ತಲೆಗೆ ಹೊಳೆಯಿತು. ಲಾಗು ಖಾಲಿ ಇರುವುದು ತಪ್ಪಿಲ್ಲದ್ದಕ್ಕೋ, ಬರೆಯುವವನಿಗೆ ಕೈ ಇಲ್ಲದ್ದಕ್ಕೋ? ಹೋಗಿ ನೋಡಿದರೆ ಹಾಗೇ ಇತ್ತು. ಹೊಸ ಸರ್ವರಿಗೆ ಬದಲಾಯಿಸಿದಾಗ ಆ ಕಡತದ ಒಡೆತನ ಬೇರೆ ಹೆಸರಿಗೆ ಹೋಗಿತ್ತು. ನಮ್ಮ ಪ್ರೋಗ್ರಾಮಿಗೆ ಅದರಲ್ಲಿ ಬರೆಯುವ ಅನುಮತಿಯೇ ಇರಲಿಲ್ಲ. ಕೊಯ್ಲು ಶುರುವಾದ ದಿನದಿಂದ ಸರ್ವರು ಬಾಯಿ ಕಟ್ಟಿಸಿಕೊಂಡು ಕೂತಿತ್ತು. ನಾವು ಅದರ ಮೌನವನ್ನೇ ಆರೋಗ್ಯ ಅಂದುಕೊಂಡಿದ್ದೆವು.

ಅನುಮತಿ ಕೊಟ್ಟೆ. ಕೊಟ್ಟ ಕೂಡಲೇ ಕಟ್ಟೆ ಒಡೆದ ಹಾಗೆ ಸಾಲುಗಳು ನುಗ್ಗಿದವು. ಸಂಭ್ರಮದಿಂದ ಓದಲು ಕೂತೆ. ಎಲ್ಲವೂ ಜುಜುಬಿ ದೂರುಗಳು. ಈ ಹೆಸರಿನ ಖಾನೆ ಇಲ್ಲ, ಈ ಪದ್ಧತಿ ಹಳೆಯದಾಯಿತು, ಇನ್ನು ಮುಂದೆ ಇದನ್ನು ಬಳಸಬೇಡಿ ಎಂಬಂಥವು. ಒಂದೊಂದು ಪುಟ ತೆರೆದಾಗಲೂ ಹತ್ತಾರು ಸಾಲು. ಮುಂಚೆ ಮೂಗನ ಮುಂದೆ ಕೂತಿದ್ದೆ, ಈಗ ಬಾಯಿ ಮುಚ್ಚದವನ ಮುಂದೆ. ಬೇಕಾದ ಮಾತು ಎರಡು ಕಡೆಯೂ ಇಲ್ಲ.

ಮೂರು ಗಂಟೆಯ ಸುಮಾರಿಗೆ ಮಿರ್ಲೆಯವರಿಗೆ ಫೋನ್ ಮಾಡಿ ಇನ್ನೊಂದು ಸಲ ಬುಕ್ ಮಾಡಿ ಎಂದೆ. "ಒಸಿ ತಡ್ದು ಒತ್ತೀನಿ ಕನಪ್ಪ" ಎಂದರು. ಅಡುಗೆ ಕೆಲಸವಿರಬೇಕು ಎಂದುಕೊಂಡು ನಾನು ಲಾಗಿನೊಳಗೆ ಮುಳುಗಿದೆ. ಸಂಜೆ ಇದ್ದಕ್ಕಿದ್ದಂತೆ ಸೈಟು ಪೂರ್ತಿ ಸತ್ತಿತು. ನೋಡಿದರೆ ಆ ಜುಜುಬಿ ಸಾಲುಗಳೇ ಸೇರಿ ಸರ್ವರಿನ ಡಿಸ್ಕನ್ನು ಅಂಚಿನವರೆಗೆ ತುಂಬಿಬಿಟ್ಟಿದ್ದವು. ತಪ್ಪು ಹಿಡಿಯಲೆಂದು ತೆರೆದ ಲಾಗೇ ಸೈಟಿನ ಕತ್ತು ಹಿಸುಕಿತ್ತು. ಅದನ್ನು ಅಳಿಸಿ, ಸಣ್ಣ ಪುಟ್ಟ ದೂರು ಬರೆಯಬೇಡ ಎಂದು ಸರ್ವರಿಗೆ ಹೇಳಿ ಮತ್ತೆ ನಿಲ್ಲಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮಿರ್ಲೆಯ ನಂಬರು ಹುಡುಕಿದೆ. ಈ ಸಲವೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಆಯಮ್ಮ ಫೋನ್ ಮಾಡಿದಾಗ ನನಗೆ ಎತ್ತುವುದಕ್ಕೇ ಧೈರ್ಯ ಬರಲಿಲ್ಲ. ಎತ್ತಿದೆ.

"ಟಿವೀಲಿ ಹೇಳ್ತಾವ್ರೆ, ಸುಕ್ರವಾರಕ್ಕೆ ಸೈಕ್ಲೋನ್ ಮಳೆ ಅಂತೆ."

"ನಾನೂ ನೋಡ್ದೆ ಅಮ್ಮ."

"ನಿಮ್ಮ ಮಿಷನ್ ಸಿಕ್ದೇ ಇದ್ರೆ ಬೇರೆ ಕಡೆಯೋರ್ನಾದ್ರೂ ಕೇಳಾನ ಅಂದ್ರೆ, ಪೋನ್ ತುಂಬಾ 'ತಲುಪಿದೆ ತಲುಪಿದೆ' ಅಂತ ಕೂತದೆ. ನಂಬ್ಲೋ ಬುಡ್ಲೋ ಹೇಳಪ್ಪ."

ನಂಬಬೇಡಿ ಅಂತ ಹೇಳಿಬಿಡಬೇಕಿತ್ತು. "ಇವತ್ತು ಸರಿ ಮಾಡ್ತೀನಿ" ಎಂದೆ.

ಎರರ್ ಲಾಗಿನಲ್ಲಿ ಏನೂ ಸಿಗದೆ, ಸರ್ವರಿನ ಇನ್ನೊಂದು ದಾಖಲೆ ತೆಗೆದೆವು. ಬಾಗಿಲಿಗೆ ಯಾರು ಯಾವಾಗ ಬಂದರು ಎಂದಷ್ಟೇ ಬರೆದಿಡುವ ಕಡತ ಅದು. ಏನು ತಂದರು, ಏನಾಯಿತು ಎಂದು ಅದಕ್ಕೆ ಗೊತ್ತಿರುವುದಿಲ್ಲ. ಅದರಲ್ಲೊಂದು ವಿಚಿತ್ರ ಕಂಡಿತು. ದಿನಕ್ಕೊಂದು ಸಲ, ಕೆಲವೇ ನಿಮಿಷಗಳ ಒಳಗೆ, ನೂರಾರು ಬುಕಿಂಗುಗಳು ಒಟ್ಟಿಗೆ ಮುಗಿಬಿದ್ದಿದ್ದವು. ಶನಿವಾರ ಐದು ಗಂಟೆಗೆ. ಸೋಮವಾರ ಮೂರೂವರೆಗೆ. ಮಂಗಳವಾರ ಹನ್ನೊಂದಕ್ಕೆ. ಅದೂ ಗಂಟೆ ಹೊಡೆದು ಒಂದು ನಿಮಿಷಕ್ಕೆ ಶುರು.

"ಬೆಳಗಿನ ಜಾವ ಮೂರೂವರೆಗೆ ಯಾವ ರೈತ ಬುಕ್ ಮಾಡ್ತಾನಣ್ಣ? ಇದು ಮನುಷ್ಯರಲ್ಲ" ಎಂದಳು ಸಹೋದ್ಯೋಗಿ. "ಯಾರೋ ಬಾಟ್ ಬಿಟ್ಟವ್ರೆ. ದಿನಾ ಟೈಮ್ ಬದಲಾಯಿಸಿ ಹೊಡೀತಿದ್ದಾರೆ. ನೋಡಿ, ಎಲ್ಲಾ ಬಂದಿರೋದು ಐದಾರೇ ಇಂಟರ್ನೆಟ್ ಅಡ್ರೆಸ್‌ನಿಂದ."

ಬಾಟ್ ಎಂದರೆ ಮನುಷ್ಯರ ವೇಷ ಹಾಕಿ ಸೈಟಿನ ಮೇಲೆ ಬೀಳುವ ಪ್ರೋಗ್ರಾಮು. ಮಾತು ಎಷ್ಟು ಚೆನ್ನಾಗಿ ಹೊಂದಿತು ಎಂದರೆ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕೊನೆಗೂ ಕಳ್ಳ ಸಿಕ್ಕಿದ. ಆ ಐದಾರು ಅಡ್ರೆಸ್ಸುಗಳನ್ನು ಸರ್ವರಿನಿಂದ ಆಚೆಗಟ್ಟಿದೆವು.

ಒಂದು ಗಂಟೆಯೂ ಆಗಿರಲಿಲ್ಲ, ಅಂತರಸಂತೆಯಿಂದ ನನ್ನ ಹಳೆಯ ಗೆಳೆಯನ ಫೋನು.

"ಏನ್ಲಾ, ನಮ್ಮೂರನ್ನೇ ಬ್ಯಾನ್ ಮಾಡ್ಬುಟ್ಟಿದ್ದೀಯಾ?"

"ಏನಾಯ್ತು?"

"ಸೈಟೇ ತೆಗೀತಿಲ್ಲ ಕಣ್ಲಾ. ಸಂತೇಲಿ ಯಾರ್ ಪೋನ್ ನೋಡಿದ್ರೂ ಬಿಳಿ ಹಾಳೆ. ಆನೆ ಗದ್ದೆಗೆ ನುಗ್ಗೋದೊಂದು ಕಡೆ, ಮಳೆ ಒಂದು ಕಡೆ, ನಿನ್ದೊಂದು ಕಡೆ. ನೀನಾದ್ರೂ ಒಸಿ ದಯ ತೋರ್ಸು."

ಹುಣಸೂರು, ಪಿರಿಯಾಪಟ್ಟಣ, ಎಲ್ಲ ಕಡೆಯಿಂದಲೂ ಅದೇ. ಆಮೇಲೆ ತಿಳಿಯಿತು. ಹಳ್ಳಿಗಳ ಸಾವಿರಾರು ಮೊಬೈಲುಗಳನ್ನು ಫೋನ್ ಕಂಪನಿಯವರು ಬೆರಳೆಣಿಕೆಯ ಅಡ್ರೆಸ್ಸುಗಳ ಹಿಂದೆ ಕೂರಿಸಿರುತ್ತಾರೆ. ನಾವು ಹೊರಗಟ್ಟಿದ್ದು ಕಳ್ಳನನ್ನಲ್ಲ, ಹೋಬಳಿ ಹೋಬಳಿಗಳನ್ನೇ. ತಡೆ ತೆಗೆದೆ. ಸಹೋದ್ಯೋಗಿ ಮುಖ ಮುಚ್ಚಿಕೊಂಡು ಕೂತಿದ್ದಳು. "ನಿನ್ನೊಬ್ಬಳ ಮಾತಲ್ಲ, ನಾನೂ ಒಪ್ಪಿದೆನಲ್ಲ" ಎಂದೆ.

ಮಧ್ಯಾಹ್ನ ವ್ಯವಸ್ಥಾಪಕರು ತಾವೇ ಮೆಟ್ಟಿಲು ಹತ್ತಿ ಬಂದರು. ದೊಡ್ಡ ಜೀವ, ಕೋಟೆ ಕಡೆಯ ವ್ಯಾಪಾರಸ್ಥರ ಮನೆತನ, ಹಣೆ ತುಂಬ ವಿಭೂತಿ. ಯಾವತ್ತೂ ದನಿ ಎತ್ತಿದವರಲ್ಲ. ಅವತ್ತೂ ಎತ್ತಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

"ಸ್ವಾಮಿ, ಹುಣಸೂರಲ್ಲಿ ಎರಡು ಮಿಷನ್ನು ನೆರಳಲ್ಲಿ ಸುಮ್ನೆ ನಿಂತವೆ. ಪಟ್ಟೀಲಿ ಹೆಸರಿಲ್ಲ. ಆಚೆ ಗದ್ದೇಲಿ ಭತ್ತ ಉದುರ್ತಾ ಅದೆ. ಮಿಷನ್ ಮಾಲೀಕ ಏನಂದ ಗೊತ್ತಾ? ನಾಳೆ ಸಂಜೆಯೊಳಗೆ ಕೆಲಸ ತೋರ್ಸದಿದ್ರೆ ಮಂಡ್ಯ ಕಡೆ ಹೊಂಟೋಯ್ತೀನಿ ಅಂದ."

"ನಾಳೆ ಸಂಜೆ ತನಕ ಕೊಡಿ ಸರ್."

"ಕೊಟ್ಟೆ ಅಂದ್ಕೊಳ್ಳಿ. ಆಮೇಲೆ ಸೈಟು ನಿಲ್ಲಿಸಿ ಊರೂರಿಗೆ ಆಳು ಕಳಿಸ್ತೀನಿ. ಅಷ್ಟರಲ್ಲಿ ಮಿಷನ್ ಇರಲ್ಲ, ಅದು ಬೇರೆ ಮಾತು." ಎದ್ದು ಹೋದರು. ಕೊಟ್ಟ ಚಹಾ ಹಾಗೇ ಇತ್ತು.

ಕೈಯಲ್ಲಿ ಉಳಿದದ್ದು ಒಂದೂಕಾಲು ದಿನ. ಸಹೋದ್ಯೋಗಿಯ ಬಳಿ ಸರಿಪಡಿಸುವ ಉಪಾಯಗಳ ಉದ್ದ ಪಟ್ಟಿಯೇ ಇತ್ತು. ದೊಡ್ಡ ಸರ್ವರು ತೆಗೆದುಕೊಳ್ಳೋಣ, ಬುಕಿಂಗ್ ಪುಟವನ್ನೇ ಹೊಸದಾಗಿ ಬರೆಯೋಣ, ಎಸ್ಸೆಮ್ಮೆಸ್ ಕಂಪನಿ ಬದಲಾಯಿಸೋಣ. ಮೂರು ದಿನದಿಂದ ಮಾಡಿದ್ದು ಅದೇ ಅಲ್ಲವೇ ಎನಿಸಿತು. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡುತ್ತಿದ್ದೆವು. ಕೆಟ್ಟಿರುವುದು ಯಾವುದು ಎಂದು ಒಂದು ಸಲವೂ ಕಣ್ಣಿಂದ ಕಂಡಿರಲಿಲ್ಲ.

"ಇವತ್ತು ಏನನ್ನೂ ರಿಪೇರಿ ಮಾಡೋದು ಬೇಡ. ಬರೀ ಲಾಗ್ ಬರೆಯೋಣ" ಎಂದೆ.

ಆಕೆ ನನ್ನನ್ನೇ ದಿಟ್ಟಿಸಿದಳು. "ಮನೆ ಉರೀತಾ ಇದ್ರೆ ಕ್ಯಾಮೆರಾ ಹಾಕಿಸೋಣ ಅಂತೀರಲ್ಲಣ್ಣ."

"ಉರೀತಿರೋ ಕೋಣೆ ಯಾವ್ದು ಅಂತ್ಲೇ ಗೊತ್ತಿಲ್ವಲ್ಲ. ನೀರು ಎಲ್ಲಿಗೆ ಹುಯ್ಯೋದು?"

ಒಪ್ಪಿದಳೋ, ವಾದ ಮಾಡುವ ಶಕ್ತಿ ಇರಲಿಲ್ಲವೋ, ಇಬ್ಬರೂ ಕೂತೆವು. ಒಬ್ಬ ರೈತ ಗುಂಡಿ ಒತ್ತಿದ ಕ್ಷಣದಿಂದ ನಂಬರು ಹೋಗುವವರೆಗೆ ಒಳಗೆ ಎಷ್ಟು ಹೆಜ್ಜೆಗಳಿವೆಯೋ ಅಷ್ಟಕ್ಕೂ ಒಂದೊಂದು ಸಾಲು. ಕೋರಿಕೆ ಬಂತು. ಹೆಸರು ಬರೆದೆ. ಸರದಿ ಸಂಖ್ಯೆ ಕೇಳಿದೆ. ಸಿಕ್ಕಿತು. ಎಸ್ಸೆಮ್ಮೆಸ್ ಕಳಿಸಿದೆ. ಮುಗಿಯಿತು. ನೂರು ಜನ ಒಟ್ಟಿಗೆ ಬಂದರೆ ಸಾಲುಗಳು ಕಲಸಿಹೋಗುತ್ತವೆಂದು ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಎಲ್ಲ ಸಾಲಿನಲ್ಲೂ ಅದು ಬರುವಂತೆ ಮಾಡಿದೆವು. ಜೊತೆಗೆ ನಮ್ಮೂರಿನ ಗಡಿಯಾರದ ಹೊತ್ತು, ರೈತನ ಹೆಸರು, ಊರು, ಎಕರೆ, ಫೋನು. ಜನರ ಫೋನ್ ನಂಬರನ್ನು ಲಾಗಿನಲ್ಲಿ ಇಡಬಾರದೆಂದು ಸಹೋದ್ಯೋಗಿ ಪಟ್ಟು ಹಿಡಿದಳು. ಮಾತು ಸರಿಯಾದದ್ದೇ. ಬುಕಿಂಗು ಕಳೆದುಹೋದರೆ ಆ ರೈತನನ್ನು ಹುಡುಕಲು ನಮಗೆ ಬೇರೆ ದಾರಿಯಿಲ್ಲ, ಕೊಯ್ಲು ಮುಗಿದ ಕೂಡಲೇ ಅಳಿಸುವುದು ಎಂದು ಒಪ್ಪಂದವಾಯಿತು.

ಹೀಗೆ ಒಂದೊಂದೇ ಹೆಜ್ಜೆ ಮುಟ್ಟುತ್ತ ಹೋದಾಗ ಸರದಿ ಸಂಖ್ಯೆ ಕೊಡುವ ಭಾಗದಲ್ಲಿ ಒಂದು ಜಾಗ ಸಿಕ್ಕಿತು. ಇಲ್ಲಿ ತಪ್ಪಾದರೆ ಹಿಡಿದುಕೋ ಎಂದು ಬರೆದಿತ್ತು. ಹಿಡಿದುಕೊಂಡು ಏನು ಮಾಡಬೇಕು ಎಂಬಲ್ಲಿ ಏನೂ ಇರಲಿಲ್ಲ. ತಪ್ಪು ಆಯಿತು, ಹಿಡಿಯಿತು, ನುಂಗಿತು. ಲಾಗಿಗೆ ಬರೆಯುವ ಅನುಮತಿ ಇದ್ದಿದ್ದರೂ ಈ ತಪ್ಪು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಅಷ್ಟೇ ಅಲ್ಲ, ಹಳ್ಳಿಯ ನೆಟ್‌ವರ್ಕು ನಿಧಾನವೆಂದು 'ತಲುಪಿದೆ' ಎಂಬ ಪುಟವನ್ನು ನಾವು ಮೊದಲೇ ಕಳಿಸಿ, ಈ ಕೆಲಸವನ್ನೆಲ್ಲ ಹಿಂದಿನಿಂದ ಮಾಡುತ್ತಿದ್ದೆವು. ಒಳಗೆ ಬುಕಿಂಗು ಬಿದ್ದುಹೋದರೂ ಹೊರಗೆ ರೈತ ನಗುನಗುತ್ತ ಫೋನು ಜೇಬಿಗಿಡುತ್ತಿದ್ದ.

ಆ ಖಾಲಿ ಜಾಗದಲ್ಲಿ ಒಂದು ಸಾಲು ಬರೆದೆ. ಏನಾಯಿತೋ ಡೇಟಾಬೇಸಿನ ಬಾಯಲ್ಲೇ ಪೂರ್ತಿ ಬರೆ ಎಂದು.

ಗುರುವಾರ ಬೆಳಿಗ್ಗೆಯಿಂದ ಇಬ್ಬರೂ ಪರದೆಯ ಮುಂದೆ ಕೂತೆವು. ಬುಕಿಂಗುಗಳು ಬಂದವು. ಪ್ರತಿಯೊಂದೂ ಅಚ್ಚುಕಟ್ಟಾಗಿ ಆರು ಸಾಲು ಬರೆದು ಮುಗಿಯುತ್ತಿತ್ತು. ಹತ್ತಾಯಿತು, ಹನ್ನೆರಡಾಯಿತು, ಒಂದು ತಪ್ಪೂ ಇಲ್ಲ. ಬೇರೆ ದಿನವಾಗಿದ್ದರೆ ಸಿಹಿ ಹಂಚುತ್ತಿದ್ದೆವು. ಅವತ್ತು ನಮಗೆ ಬೇಕಿದ್ದದ್ದು ತಪ್ಪೇ. ಒಂದೂವರೆಯ ಮೇಲಂತೂ ಬುಕಿಂಗೇ ನಿಂತುಹೋಯಿತು. ಪರದೆ ಅಲ್ಲಾಡಲಿಲ್ಲ.

"ಜನಕ್ಕೆ ನಮ್ಮ ಸೈಟೇ ಬೇಡ ಅನ್ಸಿರ್ಬೇಕು" ಎಂದಳು ಆಕೆ. "ನಿನ್ನೆ ಒಂದಿನ ಲಾಗ್‌ಗೆ ಹೋಯ್ತು. ಸಂಜೆ ಆ ಯಜಮಾನ್ರಿಗೆ ಏನ್ ಹೇಳ್ತೀರಣ್ಣ?"

ಕೆಳಗೆ ಗೊಬ್ಬರದಂಗಡಿಯವನು ಮಳೆ ಬರುತ್ತದೆಂದು ಚೀಲಗಳನ್ನು ಒಳಗೆ ಎಳೆಸುತ್ತಿದ್ದ. ಆ ಸದ್ದು ಕೇಳುತ್ತ ಕೂತಿದ್ದೆ.

ಮೂರು ಗಂಟೆ ಒಂದು ನಿಮಿಷಕ್ಕೆ ಪರದೆ ಓಡತೊಡಗಿತು.

ಹತ್ತು, ಮೂವತ್ತು, ಅರವತ್ತು ಕೋರಿಕೆಗಳು. ಬಂತು, ಬರೆದೆ, ಸರದಿ ಸಂಖ್ಯೆ ಕೇಳಿದೆ. ಮೊದಲ ಕೆಲವನ್ನು ಬಿಟ್ಟು ಎಲ್ಲವೂ ಮೂರನೆಯ ಸಾಲಿಗೆ ಬಂದು ನಿಂತವು. ಒಂದು ನಿಮಿಷದೊಳಗೆ ಕೆಂಪು ಸಾಲುಗಳು ಶುರುವಾದವು, ಎಲ್ಲದರದೂ ಒಂದೇ ಮಾತು: ಬೀಗಕ್ಕಾಗಿ ಕಾದೆ, ಕಾಯುವ ಹೊತ್ತು ಮೀರಿತು, ಕೈಬಿಟ್ಟೆ.

ಅರ್ಥ ಹೀಗೆ. ಒಂದೇ ಸಂಖ್ಯೆ ಇಬ್ಬರಿಗೆ ಹೋಗದಿರಲೆಂದು ನಮ್ಮ ಪ್ರೋಗ್ರಾಮು ಸರದಿಯ ಲೆಕ್ಕಕ್ಕೆ ಬೀಗ ಹಾಕಿಕೊಂಡು ಸಂಖ್ಯೆ ತೆಗೆಯುತ್ತಿತ್ತು. ಅಲ್ಲಿಗೆ ಬೀಗ ತೆಗೆಯಬೇಕಿತ್ತು. ತೆಗೆಯದೆ, ಎಸ್ಸೆಮ್ಮೆಸ್ ಕಳಿಸಿ, ಆ ಕಂಪನಿಯಿಂದ ಉತ್ತರ ಬರುವ ತನಕ ಕೀಲಿಯನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಿತ್ತು. ಒಬ್ಬೊಬ್ಬರೇ ಬಂದಾಗ ಯಾರಿಗೂ ತೊಂದರೆಯಿಲ್ಲ. ಅದಕ್ಕೇ ನಾವು ಎಷ್ಟು ಒತ್ತಿದರೂ ಆಗುತ್ತಿತ್ತು. ನೂರು ಜನ ಒಟ್ಟಿಗೆ ಬಂದರೆ ಮುಂದಿನವರಿಗೆ ಸಿಕ್ಕಿ, ಹಿಂದಿನವರೆಲ್ಲ ಬಾಗಿಲಲ್ಲೇ ಬಿದ್ದುಹೋಗುತ್ತಿದ್ದರು. ಬರೆದಿದ್ದ ಅವರ ಹೆಸರೂ ಅದರೊಂದಿಗೇ ಅಳಿಸಿಹೋಗುತ್ತಿತ್ತು.

ಸಹೋದ್ಯೋಗಿ ಪಕ್ಕದ ಪರದೆಯಲ್ಲಿ ಬಾಗಿಲಿನ ದಾಖಲೆ ತೆರೆದಿದ್ದಳು. "ಅಣ್ಣ, ಇದರಲ್ಲಿ ಇದೇ ಗುಂಪು ಒಂಬತ್ತೂವರೆಗೆ ಅಂತ ತೋರಿಸ್ತಿದೆ. ನಿಮ್ಮದ್ರಲ್ಲಿ ಮೂರು."

ಆ ಕಡತ ಬರೆಯುತ್ತಿದ್ದದ್ದು ಗ್ರೀನಿಚ್ಚಿನ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವದ ಬಾಟ್ ಎಂದುಕೊಂಡದ್ದು ಸೋಮವಾರ ಬೆಳಿಗ್ಗೆ ಒಂಬತ್ತರ ಜನ. ಆದರೂ ಒಗಟು ಬಿಡಲಿಲ್ಲ. ಇಷ್ಟು ಊರಿನ ಇಷ್ಟು ಜನ, ಯಾರೂ ಯಾರಿಗೂ ಹೇಳದೆ, ಒಂದೇ ನಿಮಿಷಕ್ಕೆ ಒತ್ತುವುದು ಹೇಗೆ? ಕೆಂಪು ಸಾಲುಗಳಲ್ಲಿ ಕಣ್ಣಾಡಿಸಿದೆ. ನಡುವೆ ಮಿರ್ಲೆ, ಎರಡೂವರೆ ಎಕರೆ. ಕೂಡಲೇ ಆ ನಂಬರಿಗೆ ಫೋನ್ ಮಾಡಿದೆ.

"ಅಮ್ಮ, ಈಗ ಮತ್ತೆ ಒತ್ತಿದ್ರಲ್ಲ. ಮೂರು ಗಂಟೆಗೇ ಯಾಕೆ ಒತ್ತಿದ್ರಿ?"

"ಇನ್ಯಾವಾಗ ಒತ್ಲಿ? ರಾವುಕಾಲ ಮೂರಕ್ಕೆ ಅಲ್ವೇ ಕಳ್ಯೋದು ಇವತ್ತು."

ಸಹೋದ್ಯೋಗಿಗೂ ಕೇಳಲೆಂದು ನಾನು ಸ್ಪೀಕರ್ ಒತ್ತಿದೆ.

"ಕುಯ್ಲಿನ ಕೆಲ್ಸ ರಾವುಕಾಲ್ದಲ್ಲಿ ಯಾರಾರಾ ಸುರು ಮಾಡ್ತಾರಾ? ಒಂದೂವರೆಯಿಂದ ಪೋನ್ ಹಿಡ್ಕಂಡು ಕಾಯ್ತಾ ಕುಂತಿದ್ದೆ. ಮಂಗ್ಳವಾರಾನೂ ಅದ್ಕೇ ತಡೀನಿ ಅಂದಿದ್ದು. ಯಾಕಪ್ಪ, ಇದೂ ಹೋಗಿಲ್ವಾ?"

"ಈ ಸಲ ಸಿಕ್ಕಿದ್ದೀರಿ ಅಮ್ಮ. ನಿಮ್ಮ ಹೆಸರು ನನ್ನ ಕಣ್ಮುಂದೆ ಇದೆ."

ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತೆವು. ಶನಿವಾರ ಹತ್ತೂವರೆಗೆ ಕಳೆಯುತ್ತದೆ. ಸೋಮವಾರ ಒಂಬತ್ತಕ್ಕೆ. ಮಂಗಳವಾರ ನಾಲ್ಕೂವರೆಗೆ. ಐದೂವರೆ ಗಂಟೆ ಕಳೆದರೆ ಬಾಗಿಲಿನ ದಾಖಲೆಯ ಹೊತ್ತುಗಳು ಒಂದೊಂದೂ ಹಾಗೇ ಕೂತವು. ನಮ್ಮಜ್ಜಿ ರಾಹುಕಾಲದಲ್ಲಿ ಒರಳಿಗೆ ಅಕ್ಕಿ ಹಾಕುತ್ತಿರಲಿಲ್ಲ. ಅವಳ ಮಡಿಲಲ್ಲಿ ಬೆಳೆದ ನಾನು ನಾಲ್ಕು ದಿನ ಸಮುದ್ರದಾಚೆಯ ಕಳ್ಳನನ್ನು ಹುಡುಕಿದ್ದೆ.

"ಇನ್ಮೇಲೆ ಸರ್ವರ್ ಪಕ್ಕ ಪಂಚಾಂಗನೂ ಇಟ್ಕೋಬೇಕು" ಎಂದಳು ಸಹೋದ್ಯೋಗಿ. ಆ ವಾರ ಆಕೆ ನಕ್ಕಿದ್ದು ಆಗಲೇ.

ಸರಿಪಡಿಸುವ ಕೆಲಸ ಹೇಳಿಕೊಳ್ಳುವಷ್ಟು ಇರಲಿಲ್ಲ. ನಾಲ್ಕಾರು ಸಾಲು ಕೆಳಗಿಳಿಸಿದ್ದು. ಸಂಖ್ಯೆ ತೆಗೆದುಕೋ, ಬೀಗ ಬಿಡು, ಆಮೇಲೆ ನಿಧಾನಕ್ಕೆ ಎಸ್ಸೆಮ್ಮೆಸ್ ಕಳಿಸು. ನಂಬರು ಸಿಕ್ಕದಿದ್ದರೆ 'ತಲುಪಿದೆ' ಎನ್ನಬೇಡ, ಆಗಲಿಲ್ಲ ಎಂದು ಹೇಳು. ನೂರು ಕೋರಿಕೆಗಳನ್ನು ಒಟ್ಟಿಗೆ ಕಳಿಸುವ ಚಿಕ್ಕ ಪ್ರೋಗ್ರಾಮು ಬರೆದು ನಮ್ಮ ಮೇಲೆ ನಾವೇ ದಾಳಿ ಮಾಡಿಕೊಂಡೆವು. ಒಂದೂ ಬೀಳಲಿಲ್ಲ. ಆಮೇಲೆ ಲಾಗಿನ ಕೆಂಪು ಸಾಲುಗಳಿಂದ ಒಬ್ಬೊಬ್ಬರ ಹೆಸರೂ ಊರೂ ತೆಗೆದು, ಅವರು ಒತ್ತಿದ ಅನುಕ್ರಮದಲ್ಲೇ ಸರದಿಗೆ ಸೇರಿಸಿದೆವು. ದೀಪ ಹಚ್ಚುವ ಹೊತ್ತಿಗೆ ಪಟ್ಟಿ ವ್ಯವಸ್ಥಾಪಕರ ಕೈಯಲ್ಲಿತ್ತು. ಅವರು ಹುಣಸೂರಿಗೆ ಫೋನು ಹಚ್ಚಿ, "ಲೋ, ಗಾಡಿ ತಿರುಗಿಸ್ಬೇಡ ಕಣೋ, ಮಿರ್ಲೆ ಕಡೆ ಬಿಡು" ಎಂದದ್ದು ನನ್ನ ಕಿವಿಗೆ ಬಿತ್ತು.

ಲಾಗು ಬರೆಯಲು ಶುರುವಾದ ಮೇಲೆ ಬಿದ್ದವರಷ್ಟೇ ನಮಗೆ ಸಿಕ್ಕಿದರು. ಅದಕ್ಕೂ ಮೊದಲು, ಶನಿವಾರದಿಂದ ಬುಧವಾರದವರೆಗೆ ಕಳೆದುಹೋದವರಲ್ಲಿ ಫೋನು ಮಾಡಿ ಬೈದವರನ್ನೆಲ್ಲ ಹುಡುಕಿ, ಅವರ ಮಾತನ್ನೇ ನಂಬಿ ಸೇರಿಸಿದೆವು. ಬೈಯದೆ ಸುಮ್ಮನೆ ಕಾದವರು? 'ತಲುಪಿದೆ' ಎಂಬ ಪುಟ ನೋಡಿಕೊಂಡು, ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಗದ್ದೆಯ ಬದುವಿನಲ್ಲಿ ಕೂತವರು ಎಷ್ಟು ಜನ, ಯಾವ ಊರಿನವರು ಎಂದು ನನಗೆ ಇವತ್ತಿಗೂ ತಿಳಿಯದು. ಅವರ ಬಗ್ಗೆ ಎಲ್ಲಿಯೂ ಒಂದು ಸಾಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಫೀಸು ಸಹೋದ್ಯೋಗಿಗೆ ಬಿಟ್ಟು ಬೈಕಿನಲ್ಲಿ ಮಿರ್ಲೆಗೆ ಹೋದೆ. ಮೋಡ ತಲೆಯ ಮೇಲೇ ಕೂತಿತ್ತು. ಗಾಳಿ ತಣ್ಣಗೆ ಬೀಸುತ್ತಿತ್ತು. ದಾರಿಯಲ್ಲಿ ಯಂತ್ರ ಹೊತ್ತ ಲಾರಿ ಕೆಟ್ಟು, ಗದ್ದೆಗೆ ಬರುವಾಗ ಹತ್ತೂಮುಕ್ಕಾಲು ದಾಟಿತ್ತು. ಬದುವಿನ ಮೇಲೆ ನಿಂತಿದ್ದ ಹೆಂಗಸನ್ನು ಅವತ್ತೇ ಮೊದಲು ನೋಡಿದ್ದು. ಸೆರಗು ಬಿಗಿದು ಕಟ್ಟಿ, ತಲೆಗೆ ಟವೆಲು ಸುತ್ತಿದ್ದರು. ಹಿಂದೆ ಹೊಂಬಣ್ಣದ ಗದ್ದೆ, ತೆನೆಯ ಭಾರಕ್ಕೆ ಅಲ್ಲಲ್ಲಿ ಆಗಲೇ ಒರಗಿತ್ತು.

ಸೇಲಂ ಕಡೆಯ ಡ್ರೈವರು ಲಾರಿಯಿಂದ ಯಂತ್ರ ಇಳಿಸಿ, ಗದ್ದೆಯಂಚಿಗೆ ತಂದು ನಿಲ್ಲಿಸಿ, ಮೊಬೈಲು ನೋಡಿದ.

"ಅಮ್ಮಾ, ಶುಕ್ರವಾರ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಏನ್ ಮಾಡೋದು?"

ಹನ್ನೆರಡರ ತನಕ ಮೋಡ ತಡೆಯುವ ಹಾಗಿರಲಿಲ್ಲ. ಶುರು ಮಾಡಿ ಎನ್ನಲು ನಾನ್ಯಾರು? ಆ ನಂಬಿಕೆಯನ್ನು ನನ್ನ ಸರ್ವರೇ ಇಷ್ಟು ದಿನ ಶಿಕ್ಷಿಸಿತ್ತು.

ಆಯಮ್ಮ ಡ್ರೈವರನ್ನೂ ನೋಡಲಿಲ್ಲ, ಮೋಡವನ್ನೂ ನೋಡಲಿಲ್ಲ. ಬದುವಿನ ಮೂಲೆಗೆ ನಡೆದರು. ಅಲ್ಲೊಂದು ಮೊರದಲ್ಲಿ ಕೊಯ್ದ ಭತ್ತದ ನಾಲ್ಕು ಹಿಡಿ, ಮೇಲೆ ಅರಿಸಿನ ಕುಂಕುಮ, ಎರಡು ಚೆಂಡುಹೂವು.

"ಮಿಷನ್ ಎಷ್ಟೊತ್ತಿಗೆ ಬತ್ತದೋ ಏನೋ ಅಂತ ಒತ್ತಾರೆನೇ ಪೂಜೆ ಮಾಡಿ ಕುಡ್ಲಲ್ಲಿ ಕುಯ್ದು ಮಡ್ಗಿವ್ನಿ. ಕುಯ್ಲು ಆಗ್ಲೇ ಸುರುವಾಗದೆ ಕನಪ್ಪ. ನಿಂದು ಬರೀ ಮುಂದುವರ್ಸೋದು. ಇಳ್ಸು ಗದ್ದೆಗೆ."

ಡ್ರೈವರು ಮೊರಕ್ಕೆ ಕೈ ಮುಗಿದು ಹತ್ತಿ ಕೂತ. ಯಂತ್ರ ಗುಡುಗಿಕೊಂಡು ಗದ್ದೆಗೆ ಇಳಿಯಿತು.

ಹನ್ನೆರಡಾಗುವಾಗ ಮುಕ್ಕಾಲು ಗದ್ದೆ ಮುಗಿದಿತ್ತು. ನೆಲಕ್ಕೆ ಹಾಸಿದ ಪಡಂಗು ಬಟ್ಟೆಯ ಮೇಲೆ ಭತ್ತ ರಾಶಿ ಬಿದ್ದಿತ್ತು. ನಾನು ಪಕ್ಕಕ್ಕೆ ಸರಿದು ಮೊಬೈಲಿನಲ್ಲಿ ಲಾಗು ತೆರೆದೆ. ಹನ್ನೆರಡು ಗಂಟೆ ಒಂದು ನಿಮಿಷ. ನಾಲ್ಕು ತಾಲ್ಲೂಕಿನ ಜನ ಒಟ್ಟಿಗೆ ಗುಂಡಿ ಒತ್ತಿದರು. ಬಂತು, ಬರೆದೆ, ಕೇಳಿದೆ, ಸಿಕ್ಕಿತು. ಸಾಲಿನ ಹಿಂದೆ ಸಾಲು ಓಡಿದವು, ಒಂದೂ ಕೆಂಪಾಗಲಿಲ್ಲ. ಓದುತ್ತಿದ್ದ ಪರದೆಯ ಮೇಲೆ ಟಪ್ಪನೆ ಒಂದು ಹನಿ ಬಿತ್ತು, ಅದರ ಹಿಂದೆಯೇ ಇನ್ನೊಂದು.

"ಆ ಪೋನು ಜೋಬಿಗೆ ಮಡಗು" ಎಂದು ಆಯಮ್ಮ ಕೂಗಿದರು. ಟಾರ್ಪಾಲಿನ ಒಂದು ತುದಿ ಅವರ ಕೈಯಲ್ಲಿತ್ತು. "ಬಾ ಇತ್ಲಾಗೆ, ಆ ತುದಿ ಹಿಡ್ಕೊ."

ಓಡಿಹೋಗಿ ಹಿಡಿದುಕೊಂಡೆ. ಇಬ್ಬರೂ ಸೇರಿ ರಾಶಿಯ ಮೇಲೆ ಎಳೆದೆವು. ಹಿಂದೆ ಯಂತ್ರ ಮಳೆಯಲ್ಲೇ ಕೊನೆಯ ಪಟ್ಟೆ ಕುಯ್ಯುತ್ತಿತ್ತು. ತುದಿ ಸಿಕ್ಕಿಸಲು ಬಗ್ಗಿದಾಗ ಅಂಗೈಗೆ ಭತ್ತ ತಾಕಿತು, ಇನ್ನೂ ಬೆಚ್ಚಗಿತ್ತು, ಒಣಗಿತ್ತು.